ಶ್ರೀಶೈಲನ ತಾಡಪತ್ರಿ

ಆ ದಿನ ಹಾಲಿನವನು ಅರ್ಧ ಲೀಟರ್ ಮಾತ್ರ ಹಾಕಿ ಹೋದ. ನನ್ನ ಗಂಡ ಕಲ್ಮೇಶನಿಗೆ ಮಣ್ಣು ಕೊಟ್ಟ ದಿನದಿಂದ ಮನೆ ತುಂಬ ಜನ ಇದ್ದರು. ಅವನು ಕೇಳದೆಯೇ ದೊಡ್ಡ ಪಾತ್ರೆ ತುಂಬಿಸಿ ಹೋಗುತ್ತಿದ್ದ. ಹಿಂದಿನ ಸಂಜೆ ಉಳಿದ ನೆಂಟರೂ ಬಸ್ಸು ಹತ್ತಿದ್ದರು. ಹೋಗುವಾಗ ಯಾರೂ 'ಹೋಗಿ ಬರ್ತೀವಿ' ಅನ್ನಲಿಲ್ಲ. ಸಾವಿನ ಮನೆಯಿಂದ ಹಾಗೆ ಹೇಳಿ ಹೊರಡುವುದಿಲ್ಲ. ಚೀಲ ಎತ್ತಿಕೊಂಡರು, ಚಪ್ಪಲಿ ಹುಡುಕಿಕೊಂಡರು, ಹೋದರು. ಬೆಳಿಗ್ಗೆ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ ಸಾತವ್ವ.

ನಲ್ಲಿಗೆ ನೀರು ಬಂತು. ಕೊಡ ತುಂಬಿದೆ. ಚಹಾ ಕುದಿಯುವಾಗ ಒಲೆಯ ಮುಂದೆ ನಿಂತು, ಈಗ ಏನಾದರೂ ಅನಿಸಬಹುದು ಎಂದು ಕಾದೆ. ಏನೂ ಅನಿಸಲಿಲ್ಲ. ಅಡುಗೆಮನೆಯ ತಗಡಿನ ಮೇಲೆ ಹೊದಿಸಿದ್ದ ತಾಡಪತ್ರಿ ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಮಳೆಗಾಲದಲ್ಲಿ ತಗಡು ಸೋರತೊಡಗಿದಾಗ ಕಲ್ಮೇಶ ಅದನ್ನು ಬಸವನ ಬಾಗೇವಾಡಿಯ ಗೆಳೆಯ ಶ್ರೀಶೈಲನಿಂದ ಕೇಳಿ ತಂದಿದ್ದ. ಕಾಲುವೆ ಕೆಲಸದ ಮೇಲ್ವಿಚಾರಣೆಗೆ ಕಲ್ಮೇಶ ನಮ್ಮೂರು ಇಂಡಿಯಿಂದ ಆ ಕಡೆಗೆ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಕೆಲವೊಮ್ಮೆ ಮುದ್ದೇಬಿಹಾಳದವರೆಗೂ ಹೋಗಬೇಕಾಗುತ್ತಿತ್ತು. ಮಧ್ಯಾಹ್ನದ ಊಟ ಶ್ರೀಶೈಲನ ಹೊಲದಲ್ಲೋ ಮನೆಯಲ್ಲೋ ಆಗುತ್ತಿತ್ತು. ನಾನು ಆ ಮನೆ ನೋಡಿರಲಿಲ್ಲ. ದಪ್ಪನೆಯ ನೀಲಿ ಟಾರ್ಪಾಲು. ಒಂದು ಮೂಲೆಯಲ್ಲಿ ಬಿಳಿ ಪೇಂಟಿನಿಂದ ಶ್ರೀಶೈಲನ ಹೆಸರು. ರಾಶಿಯ ಕಾಲದಲ್ಲಿ, ಬೆಳೆ ಬಡಿದು ಕಾಳು ಮಾಡುವಾಗ, ತಾಡಪತ್ರಿಗಳು ಕೈಯಿಂದ ಕೈಗೆ ಹೋಗುತ್ತವೆ. ಅದಕ್ಕೇ ಎಲ್ಲರೂ ಹೆಸರು ಬರೆಸಿಟ್ಟಿರುತ್ತಾರೆ.

ಸಾತವ್ವ ಅಂಗಳದಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

"ಅದನ್ನ ಇಳಿಸಿ ಕೊಟ್ಟ ಬಾ ಯವ್ವಾ," ಎಂದರು. "ಹ್ವಾದಾವನ ಮ್ಯಾಲ ಮಂದಿ ಸಾಮಾನ ಇರಬಾರದು."

ಏಣಿ ಇಟ್ಟು ಹತ್ತಿದೆ. ಹಗ್ಗ ಬಿಚ್ಚುತ್ತಿರುವಾಗ ಒಂದು ಪ್ರಶ್ನೆ ಬಂತು. ಇದು ರಾಶಿ ಮಾಡಲು ಹಾಸುವ ತಾಡಪತ್ರಿ. ತೊಗರಿಯ ಸುಗ್ಗಿ ಶುರುವಾಗಿ ಎಷ್ಟೋ ದಿನವಾಯಿತು. ಇದು ನಮ್ಮ ತಗಡಿನ ಮೇಲೆ ಇದ್ದರೆ ಶ್ರೀಶೈಲನ ತೊಗರಿ ಎಲ್ಲಿ ರಾಶಿಯಾಯಿತು?

ಹಗ್ಗ ಬಿಟ್ಟು ತಗಡಿನ ಅಂಚು ಹಿಡಿದುಕೊಂಡೆ. ಕಲ್ಮೇಶ ಹೋದ ಮೇಲೆ ನನಗೆ ಮೊದಲ ಸಲ ಏನಾದರೂ ಅನಿಸಿದ್ದು ಆಗ. ಅದು ಹೆದರಿಕೆ.

ಯಾಕೆ ಎಂದು ಹೇಳಬೇಕು. ನಮ್ಮ ಕಡೆ ಬೆಳೆಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಗಾಲಿ ಅದರ ಮೇಲೆ ಓಡಿ ಕಾಳು ಬಿಡಿಸಿಕೊಡುತ್ತವೆ. ಗಾಡಿಗಳು ಬಳಸಿ ಹೋಗದಿರಲೆಂದು ಬದಿಗೆ ಕಲ್ಲು ಸಾಲಿಡುತ್ತಾರೆ. ದೊಡ್ಡ ವಾಹನಗಳಿಗೆ ಏನೂ ಆಗುವುದಿಲ್ಲ. ಬೈಕಿನ ಮುಂದಿನ ಗಾಲಿ ಮಾತ್ರ ಕಾಳಿನ ಮೇಲೆ ಉರುಳಿ ಜಾರುತ್ತದೆ. ಕಲ್ಮೇಶ ಬಿದ್ದದ್ದು ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಹೋಗುವ ರಸ್ತೆಯಲ್ಲಿ, ಹೊತ್ತು ಮುಳುಗುವಾಗ. ಪೊಲೀಸರು ಹೋಗಿ ನೋಡಿದಾಗ ರಸ್ತೆ ಸ್ವಚ್ಛವಾಗಿತ್ತಂತೆ. ಸವಾರನದೇ ಅಜಾಗರೂಕತೆ ಅಂದರು. ಆಸ್ಪತ್ರೆಯಿಂದ ಕೊಟ್ಟ ಅವನ ಬಟ್ಟೆಗಳನ್ನು ಒಗೆಯಲು ಝಾಡಿಸಿದಾಗ ಪ್ಯಾಂಟಿನ ಮಡಿಕೆಯಿಂದ ತೊಗರಿ ಕಾಳು ಉದುರಿದವು. ಕಾಲುಚೀಲದಲ್ಲೂ ಇದ್ದವು.

ಯಾರೋ ರಸ್ತೆ ಗುಡಿಸಿದ್ದರು. ಇದನ್ನು ನಾನು ಗೆಳತಿ ಸುವರ್ಣಾಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಏಣಿಯಿಂದ ಇಳಿದು ಶ್ರೀಶೈಲನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು. ಆಗ ನೆನಪಾಯಿತು: ಮಣ್ಣಿನ ದಿನ ಅವನು ಬಂದಿದ್ದ. ರುಮಾಲಿನಿಂದ ಬಾಯಿ ಮುಚ್ಚಿಕೊಂಡು ರುದ್ರಭೂಮಿಯ ಗೇಟಿನ ಹತ್ತಿರ ನಿಂತಿದ್ದ. ಎಲ್ಲರೂ ಹಿಡಿ ಮಣ್ಣು ಹಾಕುವಾಗ ಅವನು ಮುಂದೆ ಬರಲಿಲ್ಲ.

ಸುವರ್ಣಾ ಹೈಸ್ಕೂಲಿನಿಂದ ನನ್ನ ಗೆಳತಿ. ಸಿಂದಗಿ ತಾಲೂಕಿನಲ್ಲಿ ಪಶು ಆಸ್ಪತ್ರೆಯ ಕೆಲಸ. ಸ್ಕೂಟಿ ಎರೆಮಣ್ಣಿನಲ್ಲಿ ಹೂತುಹೋಗುತ್ತದೆ ಎಂದು ಹಳೆಯ ಮೋಟರ್ ಸೈಕಲ್ ಕೊಂಡು, ಖಾಕಿ ಜಾಕೆಟ್ ತೊಟ್ಟು, ಹಳ್ಳಿ ಹಳ್ಳಿಗೆ ಓಡಾಡುತ್ತಾಳೆ. ಊರವರು ಮೊದಲು ನಗುತ್ತಿದ್ದರು. ಅವರ ಎಮ್ಮೆಗೆ ಕರು ಹೊರಗೆ ಬಾರದೆ ಇವಳನ್ನು ಕರೆದ ದಿನ ನಗು ನಿಂತಿತು ಎಂದು ಅವಳೇ ಹೇಳುತ್ತಾಳೆ. ಭಾನುವಾರ ಬೆಳಿಗ್ಗೆ ಸಿಂದಗಿಯಿಂದ ನಮ್ಮ ಮನೆಗೆ ಬಂದಳು. ಬಾಗೇವಾಡಿಗೆ ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು ಹತ್ತಬೇಕು, ಇಷ್ಟು ಭಾರದ ತಾಡಪತ್ರಿಯನ್ನು ಕಂಡಕ್ಟರ್ ಹತ್ತಿಸಿಕೊಳ್ಳುವುದಿಲ್ಲ, ಸಂಜೆಯೊಳಗೆ ಸಾತವ್ವನ ಹತ್ತಿರ ಮರಳುವುದೂ ಆಗುವುದಿಲ್ಲ ಎಂದು ಲೆಕ್ಕ ಹೇಳಿದಳು. ನಾನು ಬೈಕು ಹತ್ತಲಾರೆ ಎಂದೆ. ಅವಳು ವಾದ ಮಾಡಲಿಲ್ಲ. ತಾಡಪತ್ರಿಯನ್ನು ಮಡಿಸಿ, ಸೀಟಿನ ಹಿಂದೆ ಇಟ್ಟು, ಟಾಯರಿನ ಟ್ಯೂಬು ಕತ್ತರಿಸಿದ ಪಟ್ಟಿಯಿಂದ ಬಿಗಿದಳು. ನಂತರ ಅದನ್ನು ತಟ್ಟಿ ತೋರಿಸಿದಳು.

"ಹಿಂದ ಇದು, ಮುಂದ ನಾನು. ನಡುವ ನೀ. ಬೀಳಬೇಕಂದ್ರೂ ನಿನಗ ಜಾಗಾ ಇಲ್ಲ."

ನಾನು ಒಂದೇ ಮಾತು ಕೇಳಿದೆ. ಬಾಗೇವಾಡಿಯ ಮನೆಗೆ ಕೊಟ್ಟು ಹಾಗೇ ತಿರುಗಬೇಕು. ಇಂಗಳೇಶ್ವರದ ರಸ್ತೆಗೆ ಹೋಗಬಾರದು. ಅವಳು ಒಪ್ಪಿದಳು. ಇನ್ನೊಂದನ್ನು ನಾನು ಹೇಳಲಿಲ್ಲ: ಆ ರಾಶಿ ಯಾರದಿತ್ತು ಎಂದು ನನಗೆ ಯಾರೂ ಹೇಳದೇ ಇರಲಿ.

ಸಾತವ್ವ ಬಾಗಿಲ ತನಕ ಬಂದು ಬೈಕಿನ ಗಾಲಿಗಳನ್ನು ನೋಡಿದರು, ನಮ್ಮ ಮುಖ ನೋಡಲಿಲ್ಲ. 'ಹೋಗಿ ಬರ್ತೇನಿ' ಎಂದೆ. ಬಾ ಎಂದು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಇಂಡಿ ದಾಟಿ ಲಿಂಬೆ ತೋಟಗಳು ಮುಗಿಯುವ ತನಕ ನಾನು ಕಣ್ಣು ಮುಚ್ಚಿದ್ದೆ. ಕಣ್ಣು ಮುಚ್ಚಿದರೆ ಪ್ರತಿ ತಗ್ಗೂ ಬೀಳುವ ಮೊದಲ ಗಳಿಗೆಯಂತೆ ಅನಿಸಿತು. ಕಣ್ಣು ತೆರೆದೆ. ಆಗ ರಸ್ತೆಯನ್ನು ಓದತೊಡಗಿದೆ. ಸುವರ್ಣಾಳ ಭುಜದ ಮೇಲಿಂದ, ದೂರದಲ್ಲಿ ಡಾಂಬರಿನ ಬಣ್ಣ ಎಲ್ಲೆಲ್ಲಿ ಬದಲಾಗುತ್ತದೆ ಎಂದು ನೋಡುವುದು. ಒಂದು ಕಡೆ ಹಳದಿ ಕಂಡಿತು, ಬಿಸಿಲು. ಇನ್ನೊಂದು ಕಡೆ ಕಂದು ಪಟ್ಟಿ, ಹೊಸದಾಗಿ ಮುಚ್ಚಿದ ತಗ್ಗು. ತಾಂಬಾ ದಾಟಿದ ಮೇಲೆ ನಿಜವಾಗಿಯೂ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದರು. ನನ್ನ ಉಗುರು ಜಾಕೆಟ್ಟಿನೊಳಗೆ ಹೋಗಿರಬೇಕು. ಸುವರ್ಣಾ ವೇಗ ಇಳಿಸಿ, ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು, ಎಮ್ಮೆ ನಡೆದಂತೆ ಗಾಡಿ ದಾಟಿಸಿದಳು.

ಮುಂದೆ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರ್, ಅಳತೆ ಮೀರಿದ ಹೇರು, ಹಾಡು ಎಷ್ಟು ಜೋರೆಂದರೆ ಹಾರ್ನ್ ಕೇಳುವಂತಿರಲಿಲ್ಲ. ಒಂದು ಕಬ್ಬು ಜಾರಿ ನಮ್ಮ ಮುಂದೆಯೇ ಬಿತ್ತು. ಸುವರ್ಣಾ ಅದನ್ನು ಬಳಸಿ ಹೋದಳು. ನಿಲ್ಲಿಸು ಎಂದೆ. ಅವಳು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದಳು. ನಾನು ಇಳಿದು ರಸ್ತೆಗೆ ಬೆನ್ನು ಮಾಡಿ ನಿಂತೆ. ಹೊಲದಲ್ಲಿ ಬಿಳಿಜೋಳ ತೆನೆ ಬಿಟ್ಟಿತ್ತು. ಅದನ್ನು ನೋಡುತ್ತ, ಕಲ್ಮೇಶನಿಗೂ ಹೀಗೆಯೇ ಮೊದಲೇ ಕಂಡಿತ್ತೇ, ಕಂಡು ಬ್ರೇಕ್ ಹಿಡಿದನೇ ಎಂದು ಯೋಚಿಸುತ್ತಿದ್ದೆ. ಕಾಳಿನ ಮೇಲೆ ಬ್ರೇಕ್ ಹಿಡಿಯಬಾರದಂತೆ.

ದೇವರಹಿಪ್ಪರಗಿಯಲ್ಲಿ ಚಹಾಕ್ಕೆ ನಿಂತೆವು. ಅಂಗಡಿಯ ನಬಿಸಾಬ ಸುವರ್ಣಾಳನ್ನು ಗುರುತಿಸಿದ. ಅವನ ಆಡು ಮೇವು ಬಿಟ್ಟಿತ್ತು, ಬಂದು ನೋಡಬೇಕೆಂದ. ಬರುವಾಗ ನೋಡುತ್ತೇನೆ, ಅಷ್ಟರಲ್ಲಿ ನೀನೇ ಅದರ ಮುಂದೆ ಕೂತು ಎರಡು ಎಲೆ ತಿಂದು ತೋರಿಸು ಎಂದು ಇವಳು. ಅವನು ನಕ್ಕ. ನನ್ನ ಕಡೆ ನೋಡಿ ನಗು ನಿಲ್ಲಿಸಿದ. ನನ್ನ ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು. ಚಹಾದ ಲೋಟವನ್ನು ಕುಡಿಯದೆ ಹಿಡಿದು ಕೂತಿದ್ದೆ.

ಸುವರ್ಣಾ ಮೆಲ್ಲಗೆ, ನೀನು ಇಲ್ಲೇ ಕೂಡು, ನಾನೊಬ್ಬಳೇ ಹೋಗಿ ಕೊಟ್ಟು ಬರುತ್ತೇನೆ ಎಂದಳು. ನಾನು ಆ ಬೆಂಚಿನ ಮೇಲೆ ಕೂತು ಅವಳ ಬೈಕಿನ ಸದ್ದಿಗೆ ಕಾಯುವುದನ್ನು ಊಹಿಸಿದೆ. ಒಂದು ಸಲ ಹಾಗೆ ಕಾದಿದ್ದೆ. ಲೋಟ ಇಟ್ಟು ಹೋಗಿ ಬೈಕಿನ ಹತ್ತಿರ ನಿಂತೆ.

ಹೂವಿನ ಹಿಪ್ಪರಗಿ ದಾಟಿ ಬಾಗೇವಾಡಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ವಿಳಾಸ ಕೇಳುತ್ತ ಕೇಳುತ್ತ ಒಂದು ಓಣಿಗೆ ಹೋದೆವು. ಕಟ್ಟೆಯ ಮೇಲೆ ಒಬ್ಬ ಮುದುಕಿ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಶ್ರೀಶೈಲನ ತಾಯಿ ಚನ್ನವ್ವ. ನಮ್ಮ ಬೈಕು ನಿಂತದ್ದನ್ನು, ಸುವರ್ಣಾಳ ಖಾಕಿ ಜಾಕೆಟ್ಟನ್ನು, ಹಿಂದೆ ಬಿಗಿದ ನೀಲಿ ಮಡಿಕೆಯನ್ನು ನೋಡಿ ಅವಳು ಮೊರ ಕೆಳಗಿಟ್ಟಳು.

"ಬಂದ್ರ್ಯಾ ಬಾಯಾರ? ಸುಗ್ಗಿ ಮುಗಿಯಾಕ ಬಂದ ಮ್ಯಾಲ ತಾಡಪತ್ರಿ ಕೊಡಾಕ ಬಂದೀರಿ. ನಿಮ್ಮ ಕೃಷಿ ಆಫೀಸಿಗೆ ಪಂಚಾಂಗ ಬ್ಯಾರೇನ ಐತಿ ಕಾಣತೈತಿ."

ರೈತರಿಗೆ ಆಫೀಸಿನಿಂದ ತಾಡಪತ್ರಿ ಕೊಡುತ್ತಾರೆ. ಶ್ರೀಶೈಲ ಅರ್ಜಿ ಹಾಕಿದ್ದನಂತೆ. ನಾವು ಆ ಆಫೀಸಿನ ಮೇಡಂಗಳಲ್ಲ ಎಂದು ಸುವರ್ಣಾ ಎರಡು ಸಲ ಹೇಳಿದಳು. ಚನ್ನವ್ವನ ಕಿವಿ ಮಂದ. ಅವಳಿಗೆ ಕೇಳಲೂ ಇಲ್ಲ, ಕೇಳಬೇಕಾಗಿಯೂ ಇರಲಿಲ್ಲ. ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ, ನೀರು ತಂದಿಟ್ಟು, ಬೈಯುವುದನ್ನು ಮುಂದುವರಿಸಿದಳು. ನಾನು ಅವಳ ಮೊರವನ್ನು ನೋಡುತ್ತಿದ್ದೆ. ತೊಗರಿಯ ನಡುವೆ ಕಪ್ಪಗಿನ ಸಣ್ಣ ಖಡಿ ಕಲ್ಲುಗಳಿದ್ದವು. ಹೊಲದ ಕಲ್ಲಲ್ಲ. ಡಾಂಬರು ಹತ್ತಿದ ಖಡಿ.

ನನಗೆ ಎದ್ದು ಹೋಗಬೇಕೆನಿಸಿತು. ಆದರೂ ಏಳಲಿಲ್ಲ.

ಚನ್ನವ್ವ ದನಿ ತಗ್ಗಿಸಿದಳು. ದನಿ ತಗ್ಗಿದರೂ ಕಿವುಡರ ಗುಟ್ಟು ಓಣಿಗೆಲ್ಲ ಕೇಳುತ್ತದೆ. ನೀವು ಆಗಲೇ ಬಂದಿದ್ದರೆ ನಮ್ಮ ಮನೆಗೆ ಈ ಗತಿ ಬರುತ್ತಿರಲಿಲ್ಲ ಎಂದಳು. ಸುವರ್ಣಾ ಅವಳ ಮಾತು ತಡೆಯಲು ಕೈ ಎತ್ತಿದಳು. ನಾನು ಆ ಕೈ ಹಿಡಿದು ಕೆಳಗಿಳಿಸಿದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಕೇಳಬಾರದೆಂದೇ ಅಷ್ಟು ದೂರ ಬಂದಿದ್ದೆ.

"ಇದ್ದ ಒಂದನ್ನ ನನ್ನ ಮಗ ಗೆಳ್ಯಾಗ ಕೊಟ್ಟಿದ್ದ," ಎಂದಳು ಚನ್ನವ್ವ. "ಅದಕ್ಕ ರೋಡಿಗೆ ಹಾಕಿದ್ವಿ. ಒಯ್ದಾವನೇ ಬಂದು ಅದರ ಮ್ಯಾಲ ಬಿದ್ದ."

ಮುಂದಿನದನ್ನೂ ಹೇಳಿದಳು. ಬಿದ್ದವನನ್ನು ಮಗನೇ ಎತ್ತಿ, ಯಾರದೋ ಗೂಡ್ಸ್ ಗಾಡಿ ನಿಲ್ಲಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದನಂತೆ. ಅವನ ಮನೆಯವರು ಬರುವುದನ್ನು ಕಂಡು ಅಲ್ಲಿಂದ ತಪ್ಪಿಸಿಕೊಂಡು ಬಂದನಂತೆ. ಇತ್ತ ತನ್ನ ಗಂಡ ಗುರಲಿಂಗಪ್ಪ ಪೊಲೀಸರು ಬರುವುದರೊಳಗೆ ರಸ್ತೆ ಬಳಿದು ಚೀಲಕ್ಕೆ ತುಂಬಿದನಂತೆ. ಅಂದಿನಿಂದ ಮಗ ಒಂದು ರೊಟ್ಟಿಯನ್ನು ಸರಿಯಾಗಿ ಉಂಡಿಲ್ಲ. ಫೋನ್ ರಿಂಗಾದರೆ ಹಾವು ಕಂಡಂತೆ ಹಾರುತ್ತಾನೆ. ಇದನ್ನೆಲ್ಲ ನೀವು ಆಫೀಸಿನಲ್ಲಿ ಆಡಬೇಡಿ ಬಾಯಾರ, ನಮ್ಮ ಹುಡುಗನನ್ನು ಜೇಲಿಗೆ ಹಾಕುತ್ತಾರೆ ಎಂದು ನನ್ನ ಗದ್ದ ಹಿಡಿದು ಕೇಳಿಕೊಂಡಳು.

ಅವಳ ಕೈ ಬಿಸಿಲಿಗೆ ಬೆಚ್ಚಗಿತ್ತು. ನನ್ನ ಗದ್ದದ ಮೇಲೆ ಕೈ ಇರುವಾಗಲೇ ಅವಳು ನನ್ನ ಹಣೆ ನೋಡಿದಳು. ಆಮೇಲೆ ಎದ್ದು ಬೈಕಿನ ಹತ್ತಿರ ಹೋದಳು. ಹೊಸ ತಾಡಪತ್ರಿ ಎಷ್ಟು ದಪ್ಪ ಇದೆ ಎಂದು ನೋಡಲು ಮೊದಲೇ ಮನಸ್ಸು ಮಾಡಿದ್ದಳೋ, ಅಥವಾ ಆಗಲೇ ಸಂಶಯ ಬಂದಿತ್ತೋ. ಒಂದು ಮಡಿಕೆ ಎತ್ತಿದಳು. ಒಳಗೆ ಬಿಳಿ ಪೇಂಟು ಇತ್ತು. ಅವಳಿಗೆ ಓದಲು ಬರುವುದಿಲ್ಲ. ಆದರೆ ಆ ಅಕ್ಷರಗಳು ಯಾರ ಅಂಗಳದಲ್ಲಿ ಬರೆಸಿದ್ದು ಎಂದು ಅವಳಿಗೆ ಗೊತ್ತಿತ್ತು. ಮಡಿಕೆಯನ್ನು ಹಾಗೇ ಹಿಡಿದುಕೊಂಡು ನಿಂತಳು.

"ನನ್ನ ಬಾಯಿ ಸುಟ್ಟ ಹೋಗ್ಲಿ ತಂಗಿ," ಎಂದಳು.

ಓಣಿಯಲ್ಲಿ ಯಾರದೋ ಮನೆಯ ಮಿಕ್ಸರ್ ತಿರುಗುತ್ತಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಏಣಿಯ ಮೇಲೆ ಬಂದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೂ ಹೆದರಿಕೆ ಹೋಗಲಿಲ್ಲ. ಅದು ಇನ್ನೂ ಮುಂದೆ ಎಲ್ಲೋ ನೋಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಎಲ್ಲಿ ಎಂದು ತಿಳಿಯಿತು.

ಸುಗ್ಗಿ ಮುಗಿಯಾಕ ಬಂದೈತಿ ಎಂದಿದ್ದಳು ಅವಳು. ಮುಗಿದಿಲ್ಲ.

ಉಳಿದ ತೊಗರಿ ಎಲ್ಲಿ ಎಂದು ಅವಳ ಕಿವಿಯ ಹತ್ತಿರ ಬಾಗಿ ಕೇಳಿದೆ. ಹೇಳಲೋ ಬೇಡವೋ ಎಂದು ಅವಳು ಸುವರ್ಣಾಳನ್ನು ನೋಡಿದಳು. ಮೇಲಿನ ಹೊಲದ ಪಟ್ಟಿಯದು ಉಳಿದಿತ್ತಂತೆ. ರಾಶಿ ಮಷಿನ್ನಿನ ಕಾಸಿಂಸಾಬ ಅಷ್ಟು ಸ್ವಲ್ಪಕ್ಕೆ ಬರುವುದಿಲ್ಲ ಎಂದನಂತೆ. ಎರೆಹೊಲ ಬಿರುಕು ಬಿಟ್ಟಿದೆ, ಬರಿ ನೆಲಕ್ಕೆ ಬಡಿದರೆ ಅರ್ಧ ಕಾಳು ಬಿರುಕಿನೊಳಗೆ ಹೋಗುತ್ತದೆ. ಮುಂಜಾನೆಯೇ ಹೇರಿಕೊಂಡು ಹೋಗಿದ್ದಾರೆ.

"ಎಲ್ಲಿಗೆ?"

"ಅಲ್ಲಿಗೇ," ಎಂದಳು.

ಬೈಕಿನ ಹತ್ತಿರ ಸುವರ್ಣಾ ನನ್ನನ್ನು ತಡೆದಳು. ಆ ರಸ್ತೆಗೆ ಹೋಗುವುದಿಲ್ಲವೆಂದು ಮಾತಾಗಿದೆ ಎಂದಳು. ತಾನೇ ಹೋಗಿ ಕೊಡುತ್ತೇನೆ, ನಾಲ್ಕು ಮಾತು ಬೈದೂ ಬರುತ್ತೇನೆ, ನೀನು ಇಲ್ಲೇ ಇರು ಎಂದಳು. ಅವಳು ಹೇಳಿದ್ದು ಸರಿಯೇ. ನಾನು ಹೆಲ್ಮೆಟ್ ಹಾಕಿಕೊಳ್ಳಲು ನೋಡಿದೆ, ಬಕಲ್ ಸಿಗಲಿಲ್ಲ. ಅವಳೇ ಹಾಕಿದಳು.

"ನನಗೂ ಹೆದರಿಕಿ ಐತಿ, ಗೊತ್ತೈತೇನು?" ಎಂದಳು. "ನಾ ಬರೇ ಬಾಯಿ ಮಾಡಾಕತ್ತೇನಿ."

ಇಂಗಳೇಶ್ವರದ ರಸ್ತೆ ನಾನು ಅಂದುಕೊಂಡಂತೆ ಇರಲಿಲ್ಲ. ಎಲ್ಲ ರಸ್ತೆಗಳ ಹಾಗೆಯೇ ಇತ್ತು. ಎರಡೂ ಕಡೆ ಜಾಲಿ, ಆಚೆ ಕಪ್ಪು ಹೊಲ, ಒಂದು ಮುರಿದ ಫಲಕ. ಇಲ್ಲೇ ಎಲ್ಲೋ ಅವನು ಕೊನೆಯದಾಗಿ ಏನನ್ನೋ ನೋಡಿದ್ದ. ಜಾಲಿಯನ್ನೋ, ಫಲಕವನ್ನೋ. ನಾನು ಎಲ್ಲವನ್ನೂ ನೋಡಿದೆ. ಸುವರ್ಣಾ ಎತ್ತಿನಗಾಡಿಯ ವೇಗದಲ್ಲಿ ಹೋಗುತ್ತಿದ್ದಳು. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆದು ಹೊಡೆದು ನಮ್ಮನ್ನು ದಾಟಿತು. ಬಸ್ಸು ಹೋದ ಧೂಳು ಇಳಿದಾಗ ಮುಂದೆ ರಸ್ತೆಯ ಬಣ್ಣ ಬದಲಾಗಿತ್ತು.

ನಾನು ಅವಳ ಬೆನ್ನು ತಟ್ಟಿದೆ. ಅವಳಾಗಲೇ ನಿಲ್ಲಿಸುತ್ತಿದ್ದಳು.

ಅರ್ಧ ರಸ್ತೆಗೆ ತೊಗರಿ ಹರವಿದ್ದರು. ಕಟ್ಟಿಗೆಸಹಿತ, ಮೊಣಕಾಲುದ್ದ ದಪ್ಪಕ್ಕೆ. ಬದಿಗೆ ಬುರುಡೆಯಷ್ಟು ದೊಡ್ಡ ಕಲ್ಲುಗಳ ಸಾಲು. ಬಸ್ಸು ಅದರ ಮೇಲೆ ಹೋಗಿದ್ದಕ್ಕೆ ಕಾಳು ಸಿಡಿದು ಉಳಿದರ್ಧ ರಸ್ತೆಗೂ ಬಂದು ಬಿದ್ದಿದ್ದವು. ಈಚೆ ವಯಸ್ಸಾದವರೊಬ್ಬರು ಕೋಲಿನಿಂದ ಕಟ್ಟಿಗೆ ಮಗುಚುತ್ತಿದ್ದರು. ಆಚೆ ತುದಿಯಲ್ಲಿ, ರಸ್ತೆಯ ನಡುವೆ, ಕೆಂಪು ಟಾವೆಲ್ ಹಿಡಿದು ಒಬ್ಬ ನಿಂತಿದ್ದ. ಗಡ್ಡ ಬಂದಿತ್ತು. ಆದರೂ ಗುರುತು ಹತ್ತಿತು.

ಶ್ರೀಶೈಲ ನಮಗೆ ಬೆನ್ನು ಮಾಡಿದ್ದ. ಇಂಗಳೇಶ್ವರದ ಕಡೆಯಿಂದ ಒಂದು ಬೈಕು ಬರುತ್ತಿತ್ತು.

ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಮಗು, ನಡುವೆ ಗಂಡ, ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ಹೆಂಡತಿ. ಅವಳ ಸೆರಗು ಹಾರುತ್ತಿತ್ತು. ಶ್ರೀಶೈಲ ಟಾವೆಲ್ ಬೀಸಿದ. ಬೈಕು ನಿಧಾನವಾಗಲಿಲ್ಲ. ಅವನು ಎರಡೂ ಕೈ ಎತ್ತಿ ಬೈಕಿನ ಎದುರಿಗೇ ಓಡಿದ. ಸವಾರ ಬೈಯುತ್ತ ಬ್ರೇಕ್ ಹಿಡಿದ. ಹಿಂದಿನ ಗಾಲಿ ಒಂದು ಮಾರು ಓರೆಯಾಗಿ ಜಾರಿತು. ಹೆಂಡತಿಯ ಒಂದು ಚಪ್ಪಲಿ ಕಳಚಿ ಬಿತ್ತು. ಅಷ್ಟೇ. ಗಾಡಿ ನಿಂತಿತು. ಮಗು ನಗುತ್ತಿತ್ತು.

ನನ್ನ ಬಾಯಿಂದ ಏನು ಸದ್ದು ಬಂತೋ. ಸುವರ್ಣಾ ನನ್ನ ಮೊಣಕೈ ಹಿಡಿದುಕೊಂಡಿದ್ದಳು.

ಶ್ರೀಶೈಲ ಚಪ್ಪಲಿ ಎತ್ತಿ ಕೊಟ್ಟ. ಬೈಕನ್ನು ತಾನೇ ಹಿಡಿದುಕೊಂಡು, ಹೆಂಡತಿ ಮಗುವನ್ನು ನಡೆಸಿ, ಕಾಳು ಬಿದ್ದ ಭಾಗವನ್ನು ದಾಟಿಸಿ ನಮ್ಮ ಹತ್ತಿರದವರೆಗೆ ತಂದ. ಸವಾರ ಇನ್ನೂ ಬೈಯುತ್ತಲೇ ಇದ್ದ. ಅವನು ಎಲ್ಲದಕ್ಕೂ ಹೌದ್ರಿ, ಹೌದ್ರಿ ಅನ್ನುತ್ತಿದ್ದ. ಅವರು ಹೋದರು. ಆಗ ಅವನು ತಲೆ ಎತ್ತಿ ನನ್ನನ್ನು ನೋಡಿದ.

ಓಡಿಹೋಗುತ್ತಾನೆ ಅನಿಸಿತು. ಅವನ ಕಾಲು ಹಾಗೆ ತಯಾರಾದವು ಕೂಡ. ಹಿಂದಿನಿಂದ ಗುರಲಿಂಗಪ್ಪ ಕೋಲು ಬಿಟ್ಟು ಬಂದು, ಖಾಕಿ ಜಾಕೆಟ್ ನೋಡಿ, ಪೊಲೀಸರೇನ್ರಿ ಎಂದು ಕೇಳಿದರು. ದನಿ ಒಡೆದಿತ್ತು.

"ಪೊಲೀಸರಲ್ರಿ ಯಜ್ಜಾ, ದನದ ಡಾಕ್ಟರ," ಎಂದಳು ಸುವರ್ಣಾ. "ಇಲ್ಲಿ ದನಾ ಯಾರಂತ ನೋಡಾಕ ಬಂದೇನಿ."

ಅವರು ತಲೆ ತಗ್ಗಿಸಿದರು.

ಶ್ರೀಶೈಲ ಟಾವೆಲ್ಲನ್ನು ಕೈಯಲ್ಲಿ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ಮುಂಜಾನೆಯಿಂದ ಹಾಗೇ ನಿಂತಿದ್ದಾನೆ, ನೀರಿಗೂ ಕೂತಿಲ್ಲ ಎಂದು ಗುರಲಿಂಗಪ್ಪ ಯಾರಿಗೋ ಎನ್ನುವಂತೆ ಹೇಳಿದರು. ರೋಡಿಗೆ ಹಾಕಬೇಡ ಎಂದು ಮಗ ಜಗಳವಾಡಿದ್ದ. ತಾನೇ ಕೇಳಲಿಲ್ಲ ಎಂದೂ ಹೇಳಿದರು.

"ವೈನಿ," ಎಂದು ಅತ್ತಿಗೆಯನ್ನು ಕರೆಯುವಂತೆ ಕರೆದ ಶ್ರೀಶೈಲ. "ಅವಾ ಗಾಡ್ಯಾಗ ನನ್ನ ಕೂಡ ಮಾತಾಡಿದ್ದ. ಇನ್ನೂ ಎಚ್ಚರ ಇದ್ದ."

ಏನು ಮಾತಾಡಿದ್ದ ಎಂದು ಕೇಳಬೇಕಿತ್ತು. ನಾನು ಅವನ ಹಿಂದೆ ರಸ್ತೆಯನ್ನು ನೋಡುತ್ತಿದ್ದೆ. ದೂರದಲ್ಲಿ ಏನೋ ಹೊಳೆಯಿತು. ಬೈಕೋ, ನೀರೋ, ತಗಡೋ.

"ಆಮ್ಯಾಲ ಹೇಳ್ರಿ," ಎಂದೆ. "ಮೊದಲ ಇದನ್ನ ಹಿಡೀರಿ."

ಟ್ಯೂಬಿನ ಪಟ್ಟಿ ಬಿಗಿಯಾಗಿತ್ತು. ನನ್ನ ಕೈಗೆ ಬರಲಿಲ್ಲ. ಸುವರ್ಣಾ ಹಲ್ಲಿನಿಂದ ಎಳೆದು ಬಿಚ್ಚಿದಳು. ನಾನು ಮತ್ತು ಶ್ರೀಶೈಲ ತಾಡಪತ್ರಿಯನ್ನು ಎರಡು ಕಡೆ ಹಿಡಿದು, ರಸ್ತೆಯ ಬದಿಯ ತಗ್ಗು ದಾಟಿ, ಹೊಲಕ್ಕೆ ಇಳಿದೆವು. ಬಿರುಕಿನ ಮೇಲೆ ಕಾಲಿಟ್ಟು ನಡೆಯುವಾಗ ಅವನು ಒಮ್ಮೆ ಎಡವಿದ. ಒಮ್ಮೆ ನಾನು. ಬಿಚ್ಚಿ ಹರವಿದಾಗ ಗಾಳಿ ಅದನ್ನು ಮೇಲೆತ್ತಿತು. ಗುರಲಿಂಗಪ್ಪ ರಸ್ತೆಯಿಂದ ಒಂದೊಂದೇ ಕಲ್ಲು ಹೊತ್ತು ತಂದು ಅಂಚಿಗೆ ಇಟ್ಟರು. ಸುವರ್ಣಾ ಆಗಲೇ ಮೇಲೆ ರಸ್ತೆಯಲ್ಲಿ ಕೆಂಪು ಟಾವೆಲ್ ಹಿಡಿದು ನಿಂತು, ಬರುವವರನ್ನು ಪೊಲೀಸರಿಗಿಂತ ಜೋರಾಗಿ ಗದರುತ್ತಿದ್ದಳು.

ಶ್ರೀಶೈಲ ಮೊದಲ ಕಟ್ಟು ತೊಗರಿ ತಂದು ತಾಡಪತ್ರಿಯ ಹತ್ತಿರ ನಿಂತ. ಹಾಕಲೇ ಎಂದು ನನ್ನ ಮುಖ ನೋಡಿದ. ಅವನ ವಸ್ತು, ಅವನು ನನ್ನನ್ನು ಕೇಳುತ್ತಿದ್ದ.

ನಾನು ಬಗ್ಗಿ ಒಂದು ಜಾಗ ತೋರಿಸಿದೆ. ತಗಡಿನ ಮೊಳೆ ಹತ್ತಿ ಹರಿದ ಜಾಗ.

"ಇಲ್ಲಿ ತೂತ ಬಿದ್ದೈತಿ," ಎಂದೆ. "ಈ ಕಡೆ ಕಾಳ ಬರದಂಗ ನೋಡ್ಕೋರಿ."